ಬೇರಿಗೆ ಹಿಡಿದ ಕೊಡೆಗಳು

ನನ್ನದು ಕನ್ನಡಕದ ಅಂಗಡಿ. ಊರಿನವರ ಕಣ್ಣಿನ ಬಗ್ಗೆ ನಾಲ್ಕು ಮಾತಾಡುವ ಅಧಿಕಾರ ನನಗಿದೆ ಎಂದು ನಾನು ತಿಳಿದುಕೊಂಡಿದ್ದೇನೆ. ನನ್ನ ಹೆಂಡತಿ ತಿಳಿದುಕೊಂಡಿಲ್ಲ. ಆದ್ದರಿಂದಲೇ ಆ ದಿನ ಬೆಳಿಗ್ಗೆ ಮಹಡಿಯ ಕಿಟಕಿ ತೆರೆದು, ಹಿಂದಿನ ಮನೆಯ ಹಿತ್ತಲನ್ನು ನೋಡಿ, "ಇಲ್ಲಿ ಬಾರೇ, ಹಿತ್ತಲ ತುಂಬ ಛತ್ರಿ ಬೆಳೆದುಬಿಟ್ಟಿದೆ" ಎಂದು ನಾನು ಕೂಗಿದಾಗ ಅವಳು ಅಡುಗೆಮನೆಯಿಂದಲೇ, "ಮೊದಲು ಕನ್ನಡಕ ಹಾಕ್ಕೊಂಡು ನೋಡಿ" ಎಂದಳು.

ಹಾಕಿಕೊಂಡು ನೋಡಿದೆ. ಕೊಡೆಗಳು ಇನ್ನೂ ಜಾಸ್ತಿಯಾದವು.

ಕಪ್ಪು ಕೊಡೆ, ಹೂವಿನ ಕೊಡೆ, ಮಗುವಿನದೊಂದು ಬೆಕ್ಕಿನ ಕಿವಿ ಇರುವ ಕೊಡೆ, ಕಡ್ಡಿ ಮುರಿದು ಒಂದು ಪಕ್ಕ ಜೋತುಬಿದ್ದ ಕೊಡೆ, ಇಡೀ ಸಂಸಾರವೇ ಒಳಗೆ ನಿಲ್ಲಬಹುದಾದಂಥ ಭಾರಿ ಕೊಡೆ. ಎಲ್ಲವನ್ನೂ ಬಿಚ್ಚಿ, ಹಿಡಿಯನ್ನು ಮಣ್ಣಿಗೆ ಚುಚ್ಚಿ, ಅಂಚು ನೆಲಕ್ಕೆ ತಾಗುವ ಹಾಗೆ ನಿಲ್ಲಿಸಲಾಗಿತ್ತು. ಅವುಗಳ ಕೆಳಗೆ ಏನಿತ್ತು ಎಂದರೆ, ಏನೂ ಇರಲಿಲ್ಲ. ಬರೀ ಒಣ ಎಲೆ. ಆ ಕೊಡೆಗಳ ನಡುವೆ ನಮ್ಮ ಜೋಪಾನಪ್ಪನವರು ಕುಕ್ಕರುಗಾಲಿನಲ್ಲಿ ಕೂತು, ಒಂದು ಕೊಡೆಯ ಅಂಚನ್ನು ಎತ್ತಿ, ಒಳಗೆ ಬಗ್ಗಿ, ಅದೇನನ್ನೋ ಪಿಸುಗುಡುತ್ತಿದ್ದರು.

ನನ್ನ ಹೆಂಡತಿ ಬಂದು ನೋಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮದುವೆಯಾದಾಗಿನಿಂದ ನಾನು ತೋರಿಸಿದ ಯಾವ ವಸ್ತುವೂ ಅವಳ ಬಾಯಿ ಕಟ್ಟಿಸಿರಲಿಲ್ಲವಾದ್ದರಿಂದ ಆ ಕೊಡೆಗಳ ಮೇಲೆ ನನಗೆ ಅಲ್ಲಿಂದಲೇ ಗೌರವ ಹುಟ್ಟಿತು.

ಜೋಪಾನಪ್ಪ ಎನ್ನುವುದು ಅವರ ಹೆಸರಲ್ಲ, ನಮ್ಮ ಬೀದಿ ಇಟ್ಟ ಬಿರುದು. ಅವರು ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನ ಗುಮಾಸ್ತರು. ಬಸ್ಸಿನಲ್ಲಿ ಜನ ಮರೆತುಹೋದದ್ದೆಲ್ಲ ಅವರ ಬೀರುವಿಗೆ ಬರುತ್ತದೆ: ಒಂಟಿ ಬೂಟು, ಹಲ್ಲಿನ ಸೆಟ್ಟು, ಯಾರೋ ಅರ್ಧ ಹೆಣೆದ ಸ್ವೆಟರು, ಮಿಕ್ಕಂತೆ ಕೊಡೆ, ಕೊಡೆ, ಕೊಡೆ. ಪ್ರತಿಯೊಂದಕ್ಕೂ ರಟ್ಟಿನ ಚೀಟಿ ಕಟ್ಟಿ, ಒರೆಸಿ, ಯಜಮಾನರು ಬರುವ ತನಕ ಕಾಯುವುದು ಅವರ ಕೆಲಸ. ಯಾರಿಗೆ ಏನು ಕೊಟ್ಟರೂ "ಜೋಪಾನ" ಎನ್ನುತ್ತಾರೆ. ಚಿಲ್ಲರೆ ಕೊಟ್ಟರೂ ಜೋಪಾನ, ಶುಭಾಶಯ ಕೊಟ್ಟರೂ ಜೋಪಾನ. ಈ ಮನುಷ್ಯನಿಗೆ ಇಡೀ ಪ್ರಪಂಚದಲ್ಲಿ ಇದ್ದ ಜಂಬ ಒಂದೇ. "ನನ್ನ ಕೈಗೆ ಬಂದ ವಸ್ತು ಕಳೆದ ಇತಿಹಾಸ ಇಲ್ಲ ಸಾರ್." ಸ್ವಂತ ಕನ್ನಡಕವನ್ನು ಮಾತ್ರ ಅವರು ಮತ್ತೆ ಮತ್ತೆ ಕಳೆಯುತ್ತಾರೆ. ಅದು ಇತಿಹಾಸಕ್ಕೆ ಸೇರುವುದಿಲ್ಲ, ನನ್ನ ವ್ಯಾಪಾರಕ್ಕೆ ಸೇರುತ್ತದೆ.

ಈ ಜಂಬವೇ ಎಲ್ಲಕ್ಕೂ ಮೂಲ.

ಅವರ ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ, ಊರಾಚೆಯ ಒಂದು ಗುಡ್ಡದ ಬುಡದಲ್ಲಿ ಇದ್ದವರು. ಗುಡ್ಡದ ಮರಗಳ ನೆರಳಿನಲ್ಲಿ ಬೆಳೆಯುವ ಬೇರು, ಎಲೆ, ತೊಗಟೆ ತಂದು ಸುತ್ತಮುತ್ತಲಿನವರಿಗೆ ಔಷಧಿ ಮಾಡಿಕೊಡುತ್ತಿದ್ದರು. ದೊಡ್ಡ ರಸ್ತೆ ಬರುವ ದೆಸೆಯಿಂದ ಗುಡ್ಡವನ್ನು ಸಮ ಮಾಡಿದರು. ಮರ ಹೋಯಿತು, ನೆರಳು ಹೋಯಿತು, ನೆರಳನ್ನು ನಂಬಿದ್ದೆಲ್ಲ ಹೋಯಿತು. ದೊಡ್ಡಮ್ಮ ಒಂದು ಟ್ರಂಕು ಮತ್ತು ಒದ್ದೆ ಗೋಣಿಚೀಲವೊಂದನ್ನು ಹಿಡಿದು ತಂಗಿಯ ಮಗನ ಮನೆಗೆ ಬಂದಿಳಿದರು. ಚೀಲದಲ್ಲಿ ಮಣ್ಣು ಮೆತ್ತಿದ ಗಂಟುಗಂಟು ಬೇರುಗಳು, ಅವುಗಳ ಮೇಲೆ ಬಾಡಿದ ಎಲೆ.

"ಕೆಮ್ಮಿನ ಬೇರು ಕಣೋ. ಆ ಗುಡ್ಡ ಬಿಟ್ಟು ಬೇರೆ ಎಲ್ಲೂ ನಾನು ಕಂಡಿಲ್ಲ. ಈಗ ಗುಡ್ಡ ಇಲ್ಲ. ಉಳಿದಿರೋದು ಇಷ್ಟೇ" ಎಂದರು ದೊಡ್ಡಮ್ಮ.

"ನನ್ನ ಕೈಗೆ ಬಂದದ್ದು ಕಳೆಯಲ್ಲ ದೊಡ್ಡಮ್ಮ" ಎಂದರು ಜೋಪಾನಪ್ಪನವರು. ಒಂದು ಗಿಡದ ವಂಶಕ್ಕೆ ವಂಶವೇ ತನ್ನ ತಲೆಯ ಮೇಲೆ ಬಂದು ಕೂತಿತು ಎಂಬುದು ಅವರಿಗೆ ಮಾತು ಮುಗಿದ ಮೇಲೆ ಹೊಳೆದಿರಬೇಕು.

ಹಿತ್ತಲಲ್ಲಿ ಒಂದು ಹಳೆಯ ದೊಡ್ಡ ಮರವಿತ್ತು. ಅದರ ಬುಡದಲ್ಲಿ ಬೇರುಗಳನ್ನು ಹೂತದ್ದಾಯಿತು. ದೊಡ್ಡಮ್ಮ ಪ್ರಯಾಣದ ಆಯಾಸಕ್ಕೆ ಹಿಂದಿನ ಕೋಣೆಯ ಮಂಚದ ಮೇಲೆ ಅಡ್ಡಾದರು. ಜೋಪಾನಪ್ಪನವರು ಕಿಟಕಿಯ ಹೊರಗೆ ನಿಂತು, ಕೌಂಟರಿನಲ್ಲಿ ವಿಚಾರಿಸುವ ಪದ್ಧತಿಯಂತೆ, ಒಂದೊಂದೇ ಪ್ರಶ್ನೆ ಕೇಳಿದರು.

"ಬಿಸಿಲು?"

"ಬೇಡ. ಪೂರಾ ನೆರಳು."

"ನೀರು?"

"ಎಲೆ ತಂಪಾಗಿರೋಷ್ಟು."

"ಗೊಬ್ಬರ?"

"ಬಿದ್ದ ಎಲೆನೇ ಗೊಬ್ಬರ. ಕೆದಕಬೇಡ, ಗುಡಿಸಬೇಡ. ಕಾಡಲ್ಲಿ ಹೇಗಿತ್ತೋ ಹಾಗೆ ಬಿಡು."

"ಮತ್ತೆ?"

ಅಷ್ಟು ಹೊತ್ತಿಗೆ ದೊಡ್ಡಮ್ಮನಿಗೆ ಕಣ್ಣು ಎಳೆಯುತ್ತಿತ್ತು. "ಮೆಲ್ಲಗೆ ಮಾತಾಡೋ" ಎಂದು ಪಕ್ಕಕ್ಕೆ ಹೊರಳಿದರು.

ಇದು ಅವರ ನಿದ್ದೆಗೆ ಸಂಬಂಧಪಟ್ಟ ಮಾತು ಎಂದು ಯಾರಿಗಾದರೂ ತಿಳಿಯುತ್ತಿತ್ತು. ಜೋಪಾನಪ್ಪನವರು ಆ ಯಾರಾದರೂ ಅಲ್ಲ. ಅವರು ಅದನ್ನು ಬೇಸಾಯದ ಕೊನೆಯ ಹಾಗೂ ಅತಿ ಮುಖ್ಯವಾದ ನಿಯಮವೆಂದು ಮನಸ್ಸಿನಲ್ಲಿ ಬರೆದುಕೊಂಡರು. ಕಾಡಿನ ಗಿಡ, ಸದ್ದು ಕಂಡರೆ ಆಗುವುದಿಲ್ಲ, ಸರಿಯೇ ಇದೆ! ಅಂದಿನಿಂದ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಅವರ ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು, ಮಗ್ಗಿ ಹೇಳಿಸಿ ಹೇಳಿಸಿ ಗಂಟಲು ಪಳಗಿದವರು. ಆ ಹೆಂಗಸು ಕೂಡ ಗೇಟು ದಾಟಿದೊಡನೆ ಪಿಸುಮಾತಿಗೆ ಇಳಿಯುತ್ತಿದ್ದರು. "ಗಂಟಲಿಗೂ ರಜೆ ಸಿಕ್ಕಿತು" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ.

ಬೇಸಗೆಯ ಮೊದಲಿಗೆ ಬೇರಿನ ಮೇಲಿದ್ದ ಎಲೆ ಹಳದಿಯಾಗಿ, ಮಡಿಸಿಕೊಂಡು, ಮಾಯವಾಯಿತು. ಜೋಪಾನಪ್ಪನವರಿಗೆ ಎದೆ ಒಡೆಯಿತು. ಆಗ ದೊಡ್ಡಮ್ಮ, "ಹೋಗಿಲ್ಲ ಕಣೋ, ಮಲಗಿದೆ. ಮಳೆ ಹತ್ತಿರ ಬಂದಾಗ ಏಳುತ್ತೆ. ವರ್ಷಾ ವರ್ಷ ನಾನು ಹೋಗೋ ಹೊತ್ತಿಗೆ ಎದ್ದು ನಿಂತಿರ್ತಿತ್ತು" ಎಂದು ಸಮಾಧಾನ ಹೇಳಿದರು. ಜೋಪಾನಪ್ಪನವರು ಪ್ರತಿ ಬೇರಿನ ಪಕ್ಕ ಒಂದು ಕಡ್ಡಿ ನೆಟ್ಟು ರಟ್ಟಿನ ಚೀಟಿ ಕಟ್ಟಿದರು. "ವಸ್ತು: ಬೇರು. ಸ್ಥಿತಿ: ನಿದ್ದೆ."

ಅದಾದ ಮೇಲೆ ಬಂದರು ಕರೆಂಟಿನವರು. ತಂತಿಗೆ ಕೊಂಬೆ ತಾಗುತ್ತಿದೆ, ಸವರಬೇಕು ಎಂದರು. ಗರಗಸದ ಯಂತ್ರ ಭರ್ರೆಂದು ಹೊರಟಿತು. ಜೋಪಾನಪ್ಪನವರು ಓಡಿಬಂದು ತಡೆದರು. ಹೇಗೆ ತಡೆದರು? ಪಿಸುಮಾತಿನಲ್ಲಿ. ಮರದ ಬುಡದಲ್ಲೇ ಬೇರು ಮಲಗಿದೆಯಲ್ಲ, ಅಲ್ಲಿ ಗಂಟಲೆತ್ತುವುದು ಹೇಗೆ? ಅವರ ಪ್ರಕಾರ ಯಂತ್ರದ ಗಲಾಟೆ ಕರೆಂಟಿನವರ ಪಾಪ, ತಮ್ಮ ಗಲಾಟೆ ತಮ್ಮ ಪಾಪ. ಆದ್ದರಿಂದ ಬಾಯಲ್ಲಿ "ಬೇಡ ಸಾರ್, ನಿಲ್ಲಿಸಿ ಸಾರ್" ಎಂದು ತುಟಿ ಆಡಿಸುತ್ತ, ಎರಡೂ ಅಂಗೈಯನ್ನು ಕೆಳಮುಖವಾಗಿ ಆಡಿಸಿ, ತಣ್ಣಗಾಗಿ, ಶಾಂತವಾಗಿ ಎಂದು ಸನ್ನೆ ಮಾಡಿದರು. ಮರದ ಮೇಲಿದ್ದವನು ನೋಡಿದ. "ಇನ್ನೂ ಕೆಳಗಾ ಸಾರ್?" ಎಂದು ಕೂಗಿದ. ಜೋಪಾನಪ್ಪನವರು ಇನ್ನೂ ಜೋರಾಗಿ ಕೈ ಆಡಿಸಿದರು. ಅವನು ಇನ್ನೂ ಕೆಳಗೆ ಕೊಯ್ದ. ಸಂಜೆಯ ಹೊತ್ತಿಗೆ ಮರವೆಂದರೆ ಕೂರಲು ಅನುಕೂಲವಾದ ಒಂದು ಮೋಟು, ಅಷ್ಟೇ ಉಳಿದಿತ್ತು. ಹೋಗುವಾಗ ಕರೆಂಟಿನವರು, "ಜನ ಕೊಂಬೆ ಮುಟ್ಟೋಕೂ ಬಿಡಲ್ಲ, ನೀವು ದೇವರಂಥ ಮನುಷ್ಯರು" ಎಂದು ಕೈ ಕುಲುಕಿದರು.

ಮರುದಿನ ಬಿಸಿಲು ನೇರವಾಗಿ ಬೇರಿನ ನೆತ್ತಿಗೇ ಇಳಿಯಿತು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ಬೇರು ಮೇಲ್ಮೇಲೇ ಇರುತ್ತೆ, ಬೆರಳು ಆಳದಲ್ಲಿ. ಈ ಬಿಸಿಲಿಗೆ ಬೆಂದುಹೋಗುತ್ತೆ. ಮುಗೀತು ಬಿಡು" ಎಂದು ಹೇಳಿ, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತರು. ಬೈದಿದ್ದರೆ ಜೋಪಾನಪ್ಪನವರು ತಡೆದುಕೊಳ್ಳುತ್ತಿದ್ದರು. ಬೈಯಲಿಲ್ಲ.

ಮೊದಲು ಬೆಡ್‌ಶೀಟು ಕಟ್ಟಿದರು. ಗಾಳಿ ಅದನ್ನು ಒಯ್ದು ನಮ್ಮ ಟೆರೇಸಿನ ಮೇಲೆ ಹಾಸಿತು. ಆಮೇಲೆ ಊಟದ ಮೇಜನ್ನು ತಂದಿಟ್ಟರು. ನೆರಳು ಸಾಲಲಿಲ್ಲ, ಮನೆಯವರು ನೆಲದ ಮೇಲೆ ಉಂಡರು. ಕೊನೆಗೆ ಡಿಪೋದ ಕೌಂಟರಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಎದುರಿನ ಬೀರು ಕಣ್ಣಿಗೆ ಬಿತ್ತು. ಕೇಳುವವರಿಲ್ಲದೆ ಧೂಳು ತಿನ್ನುತ್ತಿದ್ದ ಕೊಡೆಗಳ ರಾಶಿ! ಪ್ರತಿ ಸಂಜೆ ಕಂಕುಳಲ್ಲಿ ಹಿಡಿಸಿದಷ್ಟನ್ನು ಮನೆಗೆ ತಂದರು. ಆದರೆ ಅವರು ನಿಯಮ ಮೀರುವವರಲ್ಲ. ತೆಗೆದ ಪ್ರತಿ ಕೊಡೆಯ ಜಾಗದಲ್ಲೂ ಒಂದು ಚೀಟಿ ಇಟ್ಟು ಬಂದರು: "ಕರ್ತವ್ಯದ ಮೇಲೆ ಹೊರಗಿದೆ."

ಹೀಗೆ ನನ್ನ ಕಿಟಕಿಯ ಕೆಳಗೆ ಆ ದೃಶ್ಯ ನಿರ್ಮಾಣವಾದದ್ದು.

ಬೀದಿ ಸುಮ್ಮನಿರುತ್ತದೆಯೇ? ಮೊದಲು ವಿಚಾರಿಸಿದವನು ಪಕ್ಕದ ಗೋಡೆಯ ಬೇಕರಿಯವನು. "ಏನ್ ಸಾರ್ ಇದು?" ಎಂದು ಗೋಡೆಯ ಮೇಲಿಂದ ತಲೆ ಹಾಕಿದ.

ಜೋಪಾನಪ್ಪನವರು ತುಟಿಯ ಮೇಲೆ ಬೆರಳಿಟ್ಟರು. "ಶ್! ಮಲಗಿದೆ."

ಬೇಕರಿಯವನ ದನಿ ತಾನಾಗಿ ಇಳಿಯಿತು. "ಏನು ಮಲಗಿರೋದು?"

"ದೊಡ್ಡಮ್ಮ ತಂದಿದ್ದು. ಇಡೀ ಭೂಮಿ ಮೇಲೆ ಇಷ್ಟೇ ಇರೋದು."

"ಎದ್ದರೆ ಏನಾಗುತ್ತೆ ಸಾರ್?"

ಜೋಪಾನಪ್ಪನವರು ಪ್ರಾಮಾಣಿಕರು. "ನಾನೂ ನೋಡಿಲ್ಲ" ಎಂದರು.

ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕರಿಯವನಿಗೆ ಬೇಕಿರಲಿಲ್ಲ. ಬ್ರೆಡ್ಡಿನ ಜೊತೆಗೆ ಸುದ್ದಿಯೂ ಮನೆ ಮನೆಗೆ ಹೋಯಿತು. ಅದು ಎದ್ದ ದಿನ ಊರಲ್ಲಿ ಕಾಯಿಲೆ ಎನ್ನುವುದು ಉಳಿಯುವುದಿಲ್ಲವಂತೆ. ಸದ್ದಾದರೆ ಮಗ್ಗುಲು ಬದಲಾಯಿಸಿ ಇನ್ನೂ ಆಳಕ್ಕೆ ಹೋಗಿಬಿಡುತ್ತದಂತೆ. ಬೇಕರಿಯವನು ತನ್ನ ಸೈಕಲ್ಲಿನ ಗಂಟೆಗೆ ಬಟ್ಟೆ ಸುತ್ತಿದ. ತರಕಾರಿಯವಳು ಕೂಗುವುದನ್ನು ಬಿಟ್ಟು ಬಾಗಿಲು ಬಾಗಿಲಿಗೆ ಬಂದು ಟೊಮ್ಯಾಟೊ ಎತ್ತಿ ತೋರಿಸಿ ಹೋಗುತ್ತಿದ್ದಳು. ಮಕ್ಕಳು ಔಟಾದರೆ ಬೆರಳೆತ್ತಿ ಸುಮ್ಮನೆ ಮನೆಗೆ ಹೋಗುತ್ತಿದ್ದವು. ನಮ್ಮ ಮನೆಯ ಜಗಳಗಳೂ ಪಿಸುಮಾತಿಗೆ ಇಳಿದವು. ಪಿಸುಮಾತಿನಲ್ಲಿ ಜಗಳ ಆಡಿ ನೋಡಿ. "ನಿಮ್ಮ ಮನೆಯವರೆಲ್ಲ ಹೀಗೇ" ಎನ್ನುವ ಮಾತು ಕೂಡ ಪ್ರೀತಿಯ ಮಾತಿನ ಹಾಗೆ ಕೇಳುತ್ತದೆ.

ನಗಬೇಡಿ. ನಾನೂ ನಂಬಿದ್ದೆ ಎಂದಲ್ಲ, ಆದರೆ ಒಂದು ಮಧ್ಯಾಹ್ನ ಕಿಟಕಿಯಲ್ಲಿ ನಿಂತಿದ್ದಾಗ ನನ್ನ ಮನಸ್ಸಿಗೆ ಏನೋ ಆಯಿತು. ಜೋಪಾನಪ್ಪನವರು ಊಟದ ಬಿಡುವಿನಲ್ಲಿ ಬಸ್ಸು ಹಿಡಿದು ಓಡಿಬಂದಿದ್ದರು. ಸೂರ್ಯ ವಾಲಿದಂತೆ ಪ್ರತಿ ಕೊಡೆಯನ್ನೂ ಒಂದಿಷ್ಟು ಆ ಕಡೆಗೆ ವಾಲಿಸುತ್ತ, ಎಲೆಯ ಮೇಲೆ ಅಂಗೈ ಇಟ್ಟು ತಂಪು ನೋಡುತ್ತ, ಬಿಸಿಯಾಗಿದ್ದ ಕಡೆ ಬೆರಳ ತುದಿಯಿಂದ ನೀರು ಚಿಮುಕಿಸುತ್ತ ಸಾಲಿನುದ್ದಕ್ಕೂ ತೆವಳಿದರು. ತಮ್ಮ ತಲೆ ಮಾತ್ರ ಬಿಸಿಲಿನಲ್ಲಿತ್ತು. ಇಷ್ಟು ಕೊಡೆಗಳ ನಡುವೆ ಒಂದನ್ನೂ ತಮಗೆ ಹಿಡಿದುಕೊಳ್ಳದ ಆ ಮನುಷ್ಯನನ್ನು ನೋಡಿ, ಸುಳ್ಳೇಕೆ, ನನಗೆ ಕೈ ಮುಗಿಯಬೇಕೆನಿಸಿತು.

ಈ ಬೀದಿಯಲ್ಲಿ ಪಿಸುಮಾತಿನ ಕಾರಣ ತಿಳಿಯದವರು ಒಬ್ಬರೇ ಇದ್ದರು. ದೊಡ್ಡಮ್ಮ.

ಒಂದು ದಿನ ಅವರು ನನ್ನ ಅಂಗಡಿಗೆ ಬಂದು ಕೂತರು. "ಕಣ್ಣಿಗೆ ಬೇಡ ಕಣಪ್ಪ, ಕಿವಿಗೆ ಏನಾದ್ರೂ ಇಟ್ಟಿದೀಯಾ?" ಎಂದು ಕೇಳಿದರು.

ಅಂಗಡಿಯೂ ಅದೇ ಬೀದಿಯಲ್ಲಿರುವುದರಿಂದ ನಾನು ಅಭ್ಯಾಸಬಲದಿಂದ ಪಿಸುಗುಟ್ಟಿದೆ. "ಕಿವಿಗೆ ಇಲ್ಲ ದೊಡ್ಡಮ್ಮ, ಕಣ್ಣಿಗೆ ಮಾತ್ರ."

"ಏನು?"

"ಕಣ್ಣಿಗೆ ಮಾತ್ರ" ಎಂದು ಮತ್ತೆ ಪಿಸುಗುಟ್ಟಿ ಗೋಡೆಯ ಮೇಲಿನ ಕನ್ನಡಕಗಳನ್ನು ತೋರಿಸಿದೆ.

"ನೋಡು, ನಿನ್ನ ಬಾಯಿ ಆಡ್ತಿದೆ, ನನಗೆ ಒಂದಕ್ಷರ ಕೇಳಿಸ್ತಿಲ್ಲ. ಮನೇಲೂ ಹಾಗೇ, ಬೀದೀಲೂ ಹಾಗೇ. ಗುಡ್ಡದಲ್ಲಿದ್ದಾಗ ಎಲೆ ಬಿದ್ದರೂ ಯಾವ ಮರದ್ದು ಅಂತ ಹೇಳ್ತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಬೇರೂ ಹೋಯ್ತು, ಕಿವಿನೂ ಹೋಯ್ತು. ಆ ಹುಡುಗ ಸತ್ತ ಬೇರಿಗೆ ಛತ್ರಿ ಹಿಡ್ಕೊಂಡು ಒದ್ದಾಡ್ತಿದಾನೆ. ಬೇಡ ಅನ್ನೋಕೂ ಬಾಯಿ ಬರಲ್ಲ. ಗುಡ್ಡದ ಜೊತೆ ನನ್ನನ್ನೂ ಸಮ ಮಾಡಿಬಿಟ್ಟಿದ್ರೆ ಚೆನ್ನಾಗಿತ್ತು."

ವಯಸ್ಸಾದವರ ಕಿವಿ ಮಂದವಾಗುವುದು ಸಹಜವೆಂದು ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ. ಟೀ ತರಿಸಿ ಕೊಟ್ಟೆ. ಪಿಸುಗುಟ್ಟುತ್ತಿರುವವನು ನಾನು ಎನ್ನುವುದು ಮಾತ್ರ ನನ್ನ ಬುದ್ಧಿಗೆ ತಾಗಲೇ ಇಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳೂ "ಪಾಪ" ಎಂದು ಪಿಸುಗುಟ್ಟಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಆಕಾಶದ ಮೂಲೆಯಲ್ಲಿ ಮೋಡ ಕಂಡಿತು. ಮೋಡ ಕಂಡರೆ ಮನುಷ್ಯನಿಗೆ ಮೊದಲು ನೆನಪಾಗುವುದು ಕಳೆದ ವರ್ಷ ಬಸ್ಸಿನಲ್ಲಿ ಬಿಟ್ಟ ಕೊಡೆ. ನನ್ನ ಹೆಂಡತಿಗೂ ನೆನಪಾಯಿತು. ಕಿಟಕಿಯಲ್ಲಿ ನಿಂತವಳು ಫಕ್ಕನೆ ನನ್ನ ತೋಳು ಹಿಡಿದಳು. "ರೀ, ಬೆಕ್ಕಿನ ಕಿವಿ ಛತ್ರಿ ಪಕ್ಕದ್ದು, ನೇರಳೆ ಬಣ್ಣದ್ದು, ಅದು ನಂದು!"

ಇಬ್ಬರೂ ಹಿತ್ತಲ ಗೇಟಿಗೆ ಹೋದೆವು. ಜೋಪಾನಪ್ಪನವರು ಕೌಂಟರಿನಲ್ಲಿ ನಿಲ್ಲುವ ಹಾಗೆಯೇ ಗೇಟಿನ ಆಚೆ ನಿಂತರು.

"ಗುರುತು ಹೇಳಿ."

"ನೇರಳೆ ಬಣ್ಣ, ಮರದ ಹಿಡಿ, ಒಂದು ಕಡ್ಡಿ ಬಾಗಿದೆ" ಎಂದಳು ನನ್ನ ಹೆಂಡತಿ.

"ಕಳೆದವರು ಯಾರು?"

"ಇವರೇ" ಎಂದು ನನ್ನನ್ನು ತೋರಿಸಿದಳು. ಈ ವಿಷಯದಲ್ಲಿ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ.

"ನಿಮ್ಮದೇ. ತಗೊಂಡು ಹೋಗಿ" ಎಂದರು ಜೋಪಾನಪ್ಪನವರು. ಅವರ ಮುಖ ಸಣ್ಣದಾಗಿತ್ತು. ನನ್ನ ಹೆಂಡತಿ ಗೇಟು ದಾಟಿ, ಬಗ್ಗಿ, ಹಿಡಿಯನ್ನು ಹಿಡಿದಳು. ಕೆಳಗೆ ಒಣ ಎಲೆ, ಅದರ ನಡುವೆ ಚೀಟಿ. "ಸ್ಥಿತಿ: ನಿದ್ದೆ." ಓದಿದಳು. ಕೈ ಬಿಟ್ಟಳು. ಹಿಡಿದ ರಭಸಕ್ಕೆ ವಾಲಿದ್ದ ಕೊಡೆಯನ್ನು ನೆಟ್ಟಗೆ ಮಾಡಿ ವಾಪಸು ಬಂದಳು.

"ಯಾಕೆ ಬಿಟ್ಟು ಬಂದೆ?" ಎಂದು ಕೇಳಿದೆ.

"ಮಲಗಿರೋದರ ಮೇಲಿಂದ ಹೇಗ್ರೀ ತೆಗೀಲಿ?" ಎಂದಳು.

ಎಲ್ಲರೂ ನನ್ನ ಹೆಂಡತಿಯಂತೆ ಇರುವುದಿಲ್ಲ. ಡಿಪೋದ ಕೌಂಟರಿನಲ್ಲಿ ಕೊಡೆ ಕೇಳುವವರ ಸಾಲು ಬೆಳೆಯಿತು. ಜೋಪಾನಪ್ಪನವರು ಊಟಕ್ಕೆ ಹೋದ ಹೊತ್ತಿನಲ್ಲಿ ಡಿಪೋ ಮ್ಯಾನೇಜರ್ ತಾವೇ ಬೀರು ತೆರೆದರು. ಕೊಡೆ ಇಲ್ಲ, ಚೀಟಿಗಳಿವೆ. "ಛತ್ರಿಗೆ ಎಂಥಾ ಕರ್ತವ್ಯ ರೀ?" ಎಂದು ಅವರು ಅಬ್ಬರಿಸಿದ್ದು ಬಸ್ಸುಗಳ ಗದ್ದಲವನ್ನೂ ಮೀರಿ ಕೇಳಿತಂತೆ. ಮೈಕು ಕೆಟ್ಟರೆ ಬಸ್ಸಿನ ಹೊತ್ತುಗಳನ್ನು ಬರಿಬಾಯಲ್ಲಿ ಸಾರುವ ಮನುಷ್ಯ ಅವರು. ಸಾಲಿನಲ್ಲಿದ್ದ ಯಾರೋ ನಮ್ಮ ಬೀದಿಯ ಸುದ್ದಿ ಹೇಳಿದರು. ಮ್ಯಾನೇಜರು ಒಂದು ಖಾಲಿ ಬಸ್ಸು ತೆಗೆಸಿ, ಒಬ್ಬ ಕಂಡಕ್ಟರನ್ನು ಜೊತೆಗೆ ಕರೆದು, ಕೊಡೆ ಕಳೆದವರನ್ನೆಲ್ಲ ಹತ್ತಿಸಿಕೊಂಡು ಹೊರಟರು.

ಬಸ್ಸು ಬೀದಿಯ ತುದಿಯಲ್ಲಿ ನಿಂತಿತು. ಮೋಡ ದಟ್ಟವಾಗಿ ಮುಸುಕಿತ್ತು, ಸೆಕೆಗೆ ಎಲ್ಲರ ಮೈ ಬೆವೆತಿತ್ತು. ಮ್ಯಾನೇಜರು ಬಾಯಿ ತೆರೆಯುವ ಮೊದಲೇ ಬೇಕರಿಯವನು ಓಡಿಬಂದು ತುಟಿಯ ಮೇಲೆ ಬೆರಳಿಟ್ಟ. ಬೀದಿಯುದ್ದಕ್ಕೂ ಬಾಗಿಲು ಬಾಗಿಲಿನಲ್ಲಿ ನಿಂತ ಜನ ತುಟಿಯ ಮೇಲೆ ಬೆರಳಿಟ್ಟರು. ಮ್ಯಾನೇಜರು ಆಚೀಚೆ ನೋಡಿದರು. ಆ ಅಗಾಧವಾದ ಮೌನಕ್ಕೆ ಎಂಥ ಮಹಿಮೆಯಿತ್ತೆಂದರೆ, ಅವರು ಬೂಟಿನ ಸದ್ದಾಗದಂತೆ ತುದಿಗಾಲಿನಲ್ಲಿ ನಡೆದರು. ಹಿಂದೆ ಬಂದವರೂ ಹಾಗೇ.

ಹಿತ್ತಲಲ್ಲಿ ನಡೆದ ವಿಚಾರಣೆಯೂ ಪಿಸುಮಾತಿನಲ್ಲೇ ಆಯಿತು.

"ಇದೆಲ್ಲ ಡಿಪೋ ಆಸ್ತಿ ಕಣ್ರೀ."

"ಆಸ್ತಿ ಜನರದು ಸಾರ್. ನಾವು ಕಾಯೋರು."

"ಮನೆಗೆ ತಂದು ಕಾಯೋದಾ?"

"ಅಲ್ಲಿ ಧೂಳು ತಿಂತಿದ್ವು ಸಾರ್. ಇಲ್ಲಿ ಒಂದು ಕೆಲಸ ಅಂತ ಸಿಕ್ಕಿದೆ."

"ನಿಮ್ಮ ಕೆಲಸ ಹೋಗುತ್ತೆ, ಗೊತ್ತಾ?"

ಕೆಲಸ ಹೋಗುವ ಸುದ್ದಿಯನ್ನು ಇಷ್ಟು ನಯವಾದ ದನಿಯಲ್ಲಿ ಯಾರಿಗೂ ಯಾರೂ ಹೇಳಿರಲಾರರು. ಜೋಪಾನಪ್ಪನವರು ತಲೆ ತಗ್ಗಿಸಿ, "ಹೋದರೆ ಹೋಗಲಿ ಸಾರ್. ಮಳೆ ಬರೋವರೆಗೆ ಬಿಟ್ಟುಬಿಡಿ. ದೊಡ್ಡಮ್ಮನಿಗೆ ಮಾತು ಕೊಟ್ಟಿದೀನಿ" ಎಂದರು. ಟೀಚರಮ್ಮ ಬಂದು ಗಂಡನ ಪಕ್ಕ ನಿಂತರು. ಮ್ಯಾನೇಜರು ಕಂಡಕ್ಟರಿಗೆ ಸನ್ನೆ ಮಾಡಿದರು. ಅವನು ಕೊಡೆ ಕೀಳಲು ಸಾಲಿನೊಳಗೆ ನುಗ್ಗಿದ. ಅವನ ದಪ್ಪ ಬೂಟು ಮೇಲೆದ್ದು, ಒಂದು ಚೀಟಿಯ ಪಕ್ಕದಲ್ಲೇ ಇಳಿಯುವುದರಲ್ಲಿತ್ತು.

"ಕಾಲು! ಕಾಲು ತೆಗೀಯೋ!"

ಜೋಪಾನಪ್ಪನವರು ಕಿರುಚಿದ್ದರು. ಅವರ ಗಂಟಲಿನಲ್ಲಿ ಅಂಥ ದನಿ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ತಂತಿಯ ಮೇಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಕಂಡಕ್ಟರು ಒಂಟಿಕಾಲಿನಲ್ಲಿ ನಿಂತುಬಿಟ್ಟ. ಬೇಕರಿಯವನು ಕೆಲಸ ಕೆಟ್ಟಿತೆಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆ ಸ್ತಬ್ಧತೆಯ ನಡುವೆ ಹಿಂದಿನ ಕೋಣೆಯ ಬಾಗಿಲು ದಢಾರೆಂದು ತೆರೆಯಿತು.

"ಯಾರು ಕೂಗಿದ್ದು? ನನಗೆ ಕೇಳಿಸ್ತು!" ಎನ್ನುತ್ತ ದೊಡ್ಡಮ್ಮ ಹೊರಗೆ ಬಂದರು. "ಇನ್ನೊಂದು ಸಲ ಕೂಗು. ಏನಾದ್ರೂ ಅನ್ನು!"

"ದೊಡ್ಡಮ್ಮಾ!" ಎಂದು ಜೋಪಾನಪ್ಪನವರು ಕೂಗಿದರು.

"ಕೇಳಿಸ್ತು! ಹಾಗಾದ್ರೆ ನನ್ನ ಕಿವಿ ಸರಿಯಾಗಿದೆ! ಇಷ್ಟು ದಿನ ಯಾಕ್ರೋ ಎಲ್ಲಾ ಸೇರಿ ಪಿಸಪಿಸ ಅಂತಿದ್ರಿ?"

"ನೀನೇ ಹೇಳಿದ್ದಲ್ಲ ದೊಡ್ಡಮ್ಮ? ನೆರಳು, ಎಲೆ, ಆಮೇಲೆ ಮೆಲ್ಲಗೆ ಮಾತಾಡಬೇಕು ಅಂತ?"

"ನಾನು ಮಲಗಿದ್ದೆ ಕಣೋ ದಡ್ಡ!"

ನಮ್ಮ ಬೀದಿಯವರ ಮುಖಗಳನ್ನು ಆಗ ನೀವು ನೋಡಬೇಕಿತ್ತು. ಮೊದಲು ಬೇಕರಿಯವನು ಬಾಯಿ ಬಿಟ್ಟ. "ಹಾಗಾದ್ರೆ ನಾನು ಗಂಟೆಗೆ ಬಟ್ಟೆ ಸುತ್ತಿದ್ದು?" ತರಕಾರಿಯವಳು, "ಕೂಗದೆ ನನ್ನ ಅರ್ಧ ಗಿರಾಕಿ ಹೋದ್ವಲ್ಲ!" ಎಂದಳು. ಕೂಡಿಟ್ಟ ಗಂಟಲೆಲ್ಲ ಒಂದೇ ಸಲ ಬಿಚ್ಚಿಕೊಂಡಿತು. ಬಸ್ಸಿನಲ್ಲಿ ಬಂದವರು "ನನ್ನ ಛತ್ರಿ, ನನ್ನ ಛತ್ರಿ" ಎಂದು ನುಗ್ಗಿದರು. ಮ್ಯಾನೇಜರಿಗೆ ತಮ್ಮ ದನಿ ವಾಪಸು ಬಂತು. "ಅಂಥದ್ದೇನ್ರೀ ಇದೆ ಇದರ ಕೆಳಗೆ?" ಎಂದು ಗುಡುಗಿ, ನನ್ನ ಹೆಂಡತಿಯ ನೇರಳೆ ಕೊಡೆಯನ್ನು ಕಿತ್ತು ಎತ್ತಿದರು.

ಒಣ ಎಲೆ.

"ಕಸ!" ಎಂದರು ಮ್ಯಾನೇಜರು. "ಕಸಕ್ಕೆ ಛತ್ರಿ ಹಿಡಿದಿದೀರ!"

ಯಾರೋ ನಕ್ಕರು. ದೊಡ್ಡಮ್ಮ ನಿಧಾನವಾಗಿ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಅವರ ಅಗೆಯುವ ಕೋಲಿತ್ತು, ಕಬ್ಬಿಣದ ಮೊನೆಯ ಮೋಟು ಕೋಲು.

"ಅವನನ್ನ ಬೈಬೇಡಪ್ಪ" ಎಂದರು ಮ್ಯಾನೇಜರಿಗೆ. "ಬೇರು ಆಗಲೇ ಸತ್ತಿದೆ. ನನ್ನ ಸಮಾಧಾನಕ್ಕೆ ಅವನು ಇಷ್ಟೆಲ್ಲ ಮಾಡಿದ. ನಾನೇ ಅಗೆದು ತೋರಿಸ್ತೀನಿ. ನೋಡಿಕೊಂಡು ನಿಮ್ಮ ನಿಮ್ಮ ಛತ್ರಿ ತಗೊಂಡು ಹೋಗಿ, ಅವನ ಕೆಲಸ ಮಾತ್ರ ತೆಗೀಬೇಡಿ."

ಕುಕ್ಕರಿಸಿದರು. ಒಂದು ಚೀಟಿಯ ಪಕ್ಕದಲ್ಲಿ ಕೋಲು ಎತ್ತಿದರು. ಬದುಕಿಡೀ ಮಾಡಿದ ಕೆಲಸ. ಜೋಪಾನಪ್ಪನವರು ಕಣ್ಣು ಮುಚ್ಚಿಕೊಂಡರು.

ಕೋಲು ಕೆಳಗೆ ಇಳಿಯಲಿಲ್ಲ.

ಏನಾಯಿತೆಂದು ನಾನು ಮುಂದೆ ಬಗ್ಗಿದೆ. ಎಲೆಗಳೆಲ್ಲ ಮಲಗಿದ್ದವು, ಒಂದು ಎಲೆ ಮಾತ್ರ ನೆಲ ಬಿಟ್ಟು ಮೇಲೆದ್ದಿತ್ತು. ನಿಂತು ನೋಡಿದರೆ ಕಾಣುವಂಥದ್ದಲ್ಲ. ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಬೇಕು. ಆ ಒಣ ಎಲೆಯನ್ನು ನಟ್ಟನಡುವೆ ತೂತು ಮಾಡಿಕೊಂಡು, ಅದನ್ನೇ ಹೊತ್ತುಕೊಂಡು, ನಸುಗೆಂಪಾದ ಒಂದು ಮೊಳಕೆ ನಿಂತಿತ್ತು. ಉಗುರಿನಷ್ಟು ಎತ್ತರ. ಮೈಮೇಲೆ ಹಸುಗೂಸಿನ ಕಿವಿಯ ಮೇಲಿರುವಂಥ ರೋಮ. ತುದಿಯಲ್ಲಿ ಎಲೆಯೊಂದು ಇನ್ನೂ ಮುಷ್ಟಿ ಬಿಚ್ಚಿರಲಿಲ್ಲ.

ದೊಡ್ಡಮ್ಮ ಕೋಲನ್ನು ಪಕ್ಕಕ್ಕೆ ಇಟ್ಟರು. ಬೆರಳ ತುದಿಯಿಂದ ಪಕ್ಕದ ಎಲೆಯನ್ನು ಸರಿಸಿದರು. ಅಲ್ಲೊಂದು. ಅದರಾಚೆಯ ಕಪ್ಪು ಕೊಡೆಯ ಕೆಳಗೆ ಮಣ್ಣು ಬಿರಿದು ಇನ್ನೊಂದು. "ಇಲ್ಲೂ ಇದೆ!" ಎಂದು ಕಂಡಕ್ಟರು ಕೂಗಿದ. ಅವನ ಬೂಟು ಇಳಿಯಲಿದ್ದ ಜಾಗ ಅದೇ. ಅವನು ಅಲ್ಲೇ ಕೂತು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಮ್ಯಾನೇಜರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಂಡಿಯೂರಿದರು. ನನ್ನ ಹೆಂಡತಿ, ಬೇಕರಿಯವನು, ಕೊಡೆ ಕಳೆದವರು, ಎಲ್ಲರೂ ಒಬ್ಬೊಬ್ಬರಾಗಿ ನೆಲಕ್ಕೆ ಬಗ್ಗಿದರು. ನನ್ನ ಕಣ್ಣು ತೇವವಾಗಿ ಕನ್ನಡಕ ಮಂಜಾಯಿತು, ಒರೆಸಿ ಒರೆಸಿ ನೋಡಿದೆ.

"ಬದುಕಿದೆ, ಅಲ್ವಾ ದೊಡ್ಡಮ್ಮ?" ಎಂದರು ಜೋಪಾನಪ್ಪನವರು, ಕಣ್ಣು ಇನ್ನೂ ಅರ್ಧ ಮಾತ್ರ ತೆರೆದು.

ದೊಡ್ಡಮ್ಮ ಮೊಳಕೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ನಾನು ಹೋಗೋ ಹೊತ್ತಿಗೆ ಎಲೆ ಬಿಟ್ಟು ನಿಂತಿರ್ತಿತ್ತು. ಅಗೀತಿದ್ದೆ, ತರ್ತಿದ್ದೆ. ಹುಡುಗಿ ಆಗಿದ್ದಾಗಿಂದ ಅಗೆದಿದೀನಿ. ಒಂದು ದಿನಾನೂ ಇದು ಹುಟ್ಟೋದು ನೋಡಿಲ್ಲ ಕಣೋ" ಎಂದರು. ಮೊಳಕೆಯನ್ನು ಮುಟ್ಟಲು ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. "ಇಷ್ಟು ಸಣ್ಣದಾಗಿರುತ್ತಾ ಇದು!"

ಟಪ್ಪೆಂದು ಒಂದು ಹನಿ ಬೆಕ್ಕಿನ ಕಿವಿಯ ಕೊಡೆಯ ಮೇಲೆ ಬಿತ್ತು. ಹಿಂದೆಯೇ ನಾಲ್ಕು ಹನಿ. ಜೋಪಾನಪ್ಪನವರು ಗಾಬರಿಯಿಂದ ನೇರಳೆ ಕೊಡೆಯನ್ನು ಮತ್ತೆ ಮೊಳಕೆಯ ಮೇಲೆ ಹಿಡಿಯಲು ಹೋದರು.

"ತೆಗಿ, ತೆಗಿ! ಎಲ್ಲಾ ತೆಗೀರಿ! ಇನ್ನು ಅದಕ್ಕೆ ಮಳೆ ಬೇಕು" ಎಂದರು ದೊಡ್ಡಮ್ಮ.

ಜನ ಎದ್ದು ಒಂದೊಂದೇ ಕೊಡೆಯನ್ನು ಮೆಲ್ಲನೆ ಕಿತ್ತು, ಮಣ್ಣು ಉದುರದಂತೆ ಪಕ್ಕಕ್ಕೆ ತಂದು ಮಡಿಸಿದರು. ಯಾರದು ಯಾರ ಕೈಗೆ ಬಂತೋ ಯಾರೂ ನೋಡಲಿಲ್ಲ. ಮ್ಯಾನೇಜರ ಕೈಯಲ್ಲಿ ಆ ಭಾರಿ ಕೊಡೆಯಿತ್ತು.

"ನಾಳೆ ಬಿಸಿಲು ಬಂದ್ರೆ ಏನ್ ಮಾಡ್ತೀರಮ್ಮ?" ಎಂದು ಅವರು ಕೇಳಿದರು.

"ಬಂದ್ರೆ ಮತ್ತೆ ನೆರಳು ಬೇಕು."

ಮ್ಯಾನೇಜರು ಜೋಪಾನಪ್ಪನವರ ಕಡೆ ತಿರುಗಿದರು. "ಹಾಗಾದ್ರೆ ಛತ್ರಿ ಇಲ್ಲೇ ಇರ್ಲಿ ಕಣ್ರೀ. ನೀವು ನಾಳೆ ಡ್ಯೂಟಿಗೆ ಬನ್ನಿ, ಮಧ್ಯಾಹ್ನ ಸ್ವಲ್ಪ ಬೇಗ ಮನೆಗೆ ಹೊರಡಿ" ಎಂದರು. ಕೊಡೆ ಕಳೆದವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ.

ಮಳೆ ಧಾರೆಗಟ್ಟಿತು. ಹಿತ್ತಲ ತುಂಬ ಜನ ಮೊಳಕೆಗಳ ಸುತ್ತ ನಿಂತು, ಮಡಿಸಿದ ಕೊಡೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆಯಿಂದ ಕಾಲಿನವರೆಗೆ ತೊಯ್ದರು. ಊರಿನ ಅರ್ಧ ಕೊಡೆಗಳು ಅಲ್ಲೇ ಇದ್ದವು, ಆದರೆ ಯಾರೂ ಬಿಚ್ಚಲಿಲ್ಲ. ಬಿಚ್ಚಿದ್ದರೆ ಹಿಂದೆ ನಿಂತವರಿಗೆ ಕಾಣುತ್ತಿರಲಿಲ್ಲ.